ಅಳತೆಗೋಲು ಕುಗ್ಗಿದಾಗ

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ತನಗೆ ಇಷ್ಟು ಸಾಕೆಂದು ಗೃಹಸ್ಥನು ತಾನೇ ಒಂದು ಗೆರೆ ಎಳೆದುಕೊಂಡು, ಅದರಾಚೆಯದನ್ನು ಬಯಸದೆ ಬಾಳುವುದು ಈ ವ್ರತದ ಸಾರ. ಸರ್ವಸಂಗ ಪರಿತ್ಯಾಗಿಯಾದ ಮುನಿಗೆ ಅಳತೆಯ ಅಗತ್ಯವಿಲ್ಲ. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಬಳ್ಳಿ ಸುತ್ತಿ ನಿಂತ ಬಾಹುಬಲಿಗೆ ಎಣಿಸಲು ಏನೂ ಉಳಿದಿಲ್ಲ. ಗೃಹಸ್ಥನಾದರೋ ಎಣಿಸಲೇಬೇಕು, ಎಣಿಸಲು ಒಂದು ಅಳತೆಗೋಲು ಬೇಕು. ಆ ಕೋಲೇ ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಬಂದರೆ ವ್ರತದ ಗತಿಯೇನು?

ಪ್ರಾಚೀನರಿಗೆ ಈ ತೊಡಕು ಇಷ್ಟಾಗಿ ಇರಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಈ ವ್ರತದ ಅತಿಚಾರಗಳನ್ನು ಹೇಳುವಾಗ ಹೊಲ ಮನೆ, ಬೆಳ್ಳಿ ಬಂಗಾರ, ದನ ಧಾನ್ಯ, ದಾಸಿ ದಾಸ, ವಸ್ತ್ರ ಪಾತ್ರೆಗಳೆಂದು ವಸ್ತುಗಳನ್ನೇ ಹೆಸರಿಸುತ್ತದೆ. ಉಪಾಸಕದಶಾಂಗದ ಆನಂದ ಶ್ರಾವಕನೂ ಹೊನ್ನಿನ ಜೊತೆಗೆ ಗೋವುಗಳ ಮಂದೆ, ನೇಗಿಲು, ಬಂಡಿಗಳನ್ನು ಎಣಿಸಿಯೇ ಮಿತಿ ಹಾಕಿಕೊಂಡನು. ಹುನಗುಂದ ತಾಲೂಕಿನ ಐಹೊಳೆಯಲ್ಲಿ ಕ್ರಿ. ಶ. 634ರಲ್ಲಿ ರವಿಕೀರ್ತಿಯು ಕಟ್ಟಿಸಿದ ಮೇಗುತಿ ಜಿನಾಲಯದ ಶಾಸನದ ಕೊನೆಯಲ್ಲಿ ಬಸದಿಯ ಭುಕ್ತಿಗೆ ಸೇರಿದ ಊರುಗಳ ಹೆಸರುಗಳಿವೆ. ನೆಲ ಬೆಳೆಯುತ್ತಿರುವವರೆಗೆ ಪೂಜೆ ನಡೆಯಬೇಕೆಂಬುದು ಆ ದಾನಿಗಳ ಎಣಿಕೆಯಾಗಿದ್ದಿತು.

ಈಗ ಇಳಕಲ್ಲಿನ ಒಬ್ಬ ಶ್ರಾವಕನನ್ನು ಕಲ್ಪಿಸಿಕೊಳ್ಳಬಹುದು. ಸೀರೆ ವ್ಯಾಪಾರದವನು. 1995ರ ಪರ್ಯೂಷಣದಲ್ಲಿ, ತನ್ನ ಸೊತ್ತು 10 ಲಕ್ಷ ರೂಪಾಯಿಗಳನ್ನು ಮೀರಬಾರದೆಂದು ಗುರುಗಳ ಮುಂದೆ ವ್ರತ ತೆಗೆದುಕೊಂಡನು. ಮೂವತ್ತು ವರ್ಷಗಳಾದ ಮೇಲೆ, ಹೊಸದೇನನ್ನೂ ಕೊಳ್ಳದಿದ್ದರೂ, ಅವನ ಹಳೆಯ ಮನೆಯೊಂದರ ಬೆಲೆಯೇ ಆ ಮಿತಿಯನ್ನು ದಾಟಿದೆ. ಅವನು ಮಿತಿಯನ್ನು ಏರಿಸಬಹುದೆ? ಏರಿಸಿದರೆ ವ್ರತಭಂಗವೆ? ಏರಿಸದಿದ್ದರೆ ತಾನು ಒಪ್ಪಿಕೊಂಡುದಕ್ಕಿಂತ ಬಡವನಾಗಬೇಕೆ?

ಈ ಪ್ರಶ್ನೆಯ ಒಂದು ಎಳೆ ಮುಂಬಯಿಯ ರಿಸರ್ವ್ ಬ್ಯಾಂಕಿನವರೆಗೆ ಹೋಗುತ್ತದೆ. 1935ರ ಏಪ್ರಿಲ್ 1ರಂದು ಆರಂಭವಾದ ಆ ಸಂಸ್ಥೆಯ ಕೈಯಲ್ಲಿ ರೂಪಾಯಿಯೆಂಬ ಅಳತೆಗೋಲು ಇದೆ. 2016ರಲ್ಲಿ ಕಾಯ್ದೆಯನ್ನು ತಿದ್ದಿ, ಬೆಳವಣಿಗೆಯನ್ನು ಗಮನದಲ್ಲಿಟ್ಟುಕೊಂಡೇ ಬೆಲೆಗಳನ್ನು ಸ್ಥಿರವಾಗಿಡುವುದು ಅದರ ಹಣಕಾಸು ನೀತಿಯ ಮುಖ್ಯ ಗುರಿಯೆಂದು ನಿಗದಿಪಡಿಸಲಾಯಿತು. ಬಡ್ಡಿಯ ದರವನ್ನು ಗೊತ್ತುಮಾಡಲು ಆರು ಮಂದಿಯ ಸಮಿತಿಯು ಏರ್ಪಟ್ಟಿತು. ಅದೇ ವರ್ಷ ಸರ್ಕಾರವು ಗೊತ್ತುಪಡಿಸಿದ ಗುರಿಯ ಪ್ರಕಾರ ಬೆಲೆ ಏರಿಕೆ ವರ್ಷಕ್ಕೆ ಶೇಕಡಾ 4; ಕೆಳಗೆ 2, ಮೇಲೆ 6 ಅದರ ಎಲ್ಲೆಗಳು. ಸ್ಥಿರತೆಯೆಂದರೆ ಇಲ್ಲಿ ನಿಶ್ಚಲತೆಯಲ್ಲ. ಬೆಲೆಗಳು ಶೇಕಡಾ 4ರಂತೆ ಏರಿದರೆ ಸುಮಾರು 18 ವರ್ಷಗಳಲ್ಲಿ, ಶೇಕಡಾ 6ರಂತೆ ಏರಿದರೆ ಸುಮಾರು 12 ವರ್ಷಗಳಲ್ಲಿ ರೂಪಾಯಿಯ ಕೊಳ್ಳುವ ಶಕ್ತಿ ಅರ್ಧಕ್ಕಿಳಿಯುತ್ತದೆ.

ಅಚೌರ್ಯ ವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ ಎಂಬುದೊಂದಿದೆ. ಕೊಡುವಾಗ ಸಣ್ಣ ಕೊಳಗ, ಕೊಳ್ಳುವಾಗ ದೊಡ್ಡ ಕೊಳಗ ಬಳಸುವ ದೋಷವದು. ಹಾಗಿದ್ದರೆ ಅಳತೆಯನ್ನು ಕುಗ್ಗಗೊಡುವ ಬ್ಯಾಂಕಿಗೂ ಈ ದೋಷ ತಟ್ಟಬೇಕಲ್ಲವೆ? ದುಡುಕಿ ಉತ್ತರಿಸುವುದು ತರವಲ್ಲ. ಬೆಲೆಗಳು ಇಳಿಯುತ್ತ ಹೋದರೂ ಕೇಡುಂಟು. ಸಾಲದ ಮೊತ್ತ ಇದ್ದಷ್ಟೇ ಇರುತ್ತದೆ, ಆದರೆ ಅದನ್ನು ತೀರಿಸಬೇಕಾದ ನೇಕಾರನ ಸೀರೆಗೆ ಬೆಲೆ ಕುಸಿಯುತ್ತದೆ. ಆದ್ದರಿಂದಲೇ ಅರ್ಥಶಾಸ್ತ್ರಜ್ಞರು ಸೊನ್ನೆಯ ಬದಲು ಸಣ್ಣದೊಂದು ಏರಿಕೆಯನ್ನು ಆರಿಸಿಕೊಂಡರು. ಮೇಲಾಗಿ ಆ ಗುರಿಯನ್ನು ಬಹಿರಂಗವಾಗಿ ಸಾರಲಾಗಿದೆ. ಮೋಸವು ಮರೆಯಲ್ಲಿರುತ್ತದೆ, ಡಂಗುರ ಸಾರಿ ತಿಳಿಸಿದ ಅಳತೆಯನ್ನು ಕಳ್ಳ ಅಳತೆಯೆನ್ನಲಾಗದು.

ಆದರೂ ಹೊಣೆ ಅಲ್ಲಿಗೆ ಮುಗಿಯುವುದಿಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯವರೆಗೆ ರಿಸರ್ವ್ ಬ್ಯಾಂಕು ರೆಪೋ ದರವನ್ನು ಶೇಕಡಾ 4ರಿಂದ 6.5ಕ್ಕೆ ಏರಿಸಿತು. ಬೆಲೆಯ ಬೇಗೆಯನ್ನು ತಗ್ಗಿಸುವುದು ಉದ್ದೇಶ. ಆದರೆ ಸಾಲ ಮಾಡಿ ಮನೆ ಕಟ್ಟಿದವನಿಗೆ ಅದೇ ಹೊರೆಯಾಯಿತು. ಹಿಂಸೆಯಲ್ಲಿ ಸಂಕಲ್ಪಿಯೆಂದೂ ಆರಂಭಿ, ಉದ್ಯೋಗಿ, ವಿರೋಧಿಗಳೆಂದೂ ಭೇದ ಮಾಡಿದ ಪರಂಪರೆಗೆ ಇಂತಹ ಸಂದಿಗ್ಧ ಹೊಸತಲ್ಲ. ನೋವನ್ನು ಪೂರ್ಣವಾಗಿ ತಪ್ಪಿಸಲಾಗದ ಕಾರ್ಯದಲ್ಲಿ ಬೇಕಾದುದು ಯತ್ನಾಚಾರ, ಎಂದರೆ ನೋಡಿ ಹೆಜ್ಜೆಯಿಡುವ ಎಚ್ಚರ. ಬ್ಯಾಂಕಿನ ಅರ್ಥಶಾಸ್ತ್ರ ಸಂಶೋಧನೆಗೆ, ಬೆಲೆಗಳ ಬಗ್ಗೆ ಮನೆವಾರ್ತೆಯವರನ್ನೇ ಕೇಳುವ ಅದರ ಸಮೀಕ್ಷೆಗೆ ಇರುವ ನೈತಿಕ ಅರ್ಥ ಇದೇ. ಸಮಿತಿಯ ಪ್ರತಿ ಸದಸ್ಯನ ಮತವೂ ಸಭೆಯ ಹದಿನಾಲ್ಕನೆಯ ದಿನ ಪ್ರಕಟವಾಗಬೇಕೆಂಬ ನಿಯಮವೂ ಆ ಎಚ್ಚರದ್ದೇ ಅಂಗ. 2022ರಲ್ಲಿ ಸತತ ಮೂರು ತ್ರೈಮಾಸಿಕಗಳಲ್ಲಿ ಏರಿಕೆಯು ಎಲ್ಲೆ ಮೀರಿದಾಗ, ಕಾರಣ, ಪರಿಹಾರ, ಅವಧಿಗಳನ್ನು ಬ್ಯಾಂಕು ಸರ್ಕಾರಕ್ಕೆ ಬರೆದು ತಿಳಿಸಬೇಕಾಯಿತು. ಇದೊಂದು ಬಗೆಯ ಆಲೋಚನೆಯೇ, ದೋಷ ನಿವೇದನೆಯೇ. ಆದರೆ ಆ ಪತ್ರವನ್ನು ಆಗ ಜನರ ಮುಂದಿಡಲಿಲ್ಲ. ಗುರುವಿನೆದುರು ಮಾಡುವ ನಿವೇದನೆ ಏಕಾಂತದಲ್ಲಿ ನಡೆದರೆ ಸರಿ. ಎಲ್ಲರ ಅಳತೆಗೋಲು ಹಿಡಿದವನ ನಿವೇದನೆಯನ್ನು ಎಲ್ಲರೂ ಕೇಳುವಂತಿರಬೇಕು.

ಇನ್ನೊಂದು ಮಾತು. ಡಂಗುರ ಸಾರಿದರೂ ಅದು ಎಲ್ಲರ ಕಿವಿಗೆ ಒಂದೇ ಸಮನೆ ಬೀಳುವುದಿಲ್ಲ. ಬಾಗಲಕೋಟೆಯ ಪೇಟೆಯ ವರ್ತಕನು ಬೆಲೆ ಏರುವ ಮುನ್ನವೇ ಸರಕು ಕೊಂಡಿಡಬಲ್ಲನು. ಮಾಲಕನಿಂದ ನೂಲು ಪಡೆದು, ಸೆರಗಿಗೆ ಕೊಂಡಿ ಹಾಕಿ, ಸೀರೆಗಿಷ್ಟೆಂದು ಮಜೂರಿ ಪಡೆಯುವ ಇಳಕಲ್ಲಿನ ನೇಕಾರನಿಗೆ ಆ ಅನುಕೂಲವಿಲ್ಲ. ಮಜೂರಿಯ ಅಂಕಿ ಬದಲಾಗದಿದ್ದರೆ ಅವನ ಕೂಲಿ ಪ್ರತಿವರ್ಷ ಸದ್ದಿಲ್ಲದೆ ಕಡಿಮೆಯಾಗುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಹೊಲ ಮನೆ ಬಿಟ್ಟುಕೊಟ್ಟವರ ವಿಷಯದಲ್ಲಿಯೂ ಹೀಗೆಯೇ: ನೆಲದ ಬದಲಿಗೆ ಬರುವ ಹಣ ತಡವಾದಷ್ಟೂ ಸವೆಯುತ್ತದೆ. ಅಳತೆ ಕುಗ್ಗುವುದನ್ನು ಬಲ್ಲವನು, ಬಲ್ಲದವನೊಡನೆ ಹಳೆಯ ಅಂಕಿಯಲ್ಲಿಯೇ ವ್ಯವಹರಿಸಿ ಲಾಭ ಪಡೆದರೆ, ಕಳ್ಳ ಕೊಳಗವು ಬ್ಯಾಂಕಿನಲ್ಲಲ್ಲ, ಅವನ ಅಂಗಡಿಯಲ್ಲಿದೆ.

ಇಲ್ಲಿಂದ ವ್ರತದ ಪ್ರಶ್ನೆಗೆ ಮರಳಬಹುದು. ವ್ರತ ತೆಗೆದುಕೊಳ್ಳುವ ಮುನ್ನ ಅಳತೆಯನ್ನು ಆರಿಸುವ ಸ್ವಾತಂತ್ರ್ಯ ಶ್ರಾವಕನಿಗಿದೆ. ಇಷ್ಟು ಎಕರೆ, ಇಂತಹ ಮನೆ, ಇಷ್ಟು ತೊಲ ಬಂಗಾರ ಎಂದು ವಸ್ತುಗಳಲ್ಲಿ ಹೇಳುವುದು ಉತ್ತಮ. ಆದರೆ ಒಮ್ಮೆ ರೂಪಾಯಿಯಲ್ಲಿ ನುಡಿದ ಮೇಲೆ, ಸೂಚ್ಯಂಕವನ್ನು ಮುಂದೊಡ್ಡಿ ತಾನೇ ಮಿತಿಯನ್ನು ಏರಿಸಿಕೊಳ್ಳುವುದು ಸಲ್ಲದು. ಮೂರ್ಛೆಯೇ ಪರಿಗ್ರಹವೆಂದು ಆಚಾರ್ಯರು ಹೇಳಿದ್ದಾರೆ. ಆ ಮಮತೆಯು ನೆಪಕ್ಕಾಗಿ ಕಾಯುತ್ತಿರುತ್ತದೆ; ಬೆಲೆ ಏರಿಕೆ ಅದಕ್ಕೆ ಸಿಕ್ಕ ತೀರ ಸಭ್ಯವಾದ ನೆಪ. ಬಾಳಲು ಸಾಲದಷ್ಟು ಮಿತಿ ಕುಗ್ಗಿದ್ದರೆ ಗುರುಗಳೆದುರು ನಿವೇದಿಸಿ ಅವರ ಅಪ್ಪಣೆಯಂತೆ ನಡೆಯುವುದು ದಾರಿ. ಹಾಗಿಲ್ಲದೆ ಕೇವಲ ಮನೆಯ ಬೆಲೆ ಏರಿದ್ದರೆ, ಹೆಚ್ಚಾದುದನ್ನು ದಾನಕ್ಕೋ ಮಕ್ಕಳ ಪಾಲಿಗೋ ಬಿಡುವುದರಿಂದ ಅವನು ಕಳೆದುಕೊಳ್ಳುವುದು ಅಲ್ಪ.

ಪರರ ಹಕ್ಕಿನ ವಿಷಯದಲ್ಲಿ ನಿಯಮ ತಿರುಗುಮುರುಗಾಗಬೇಕು. ತನ್ನ ಮಿತಿಗೆ ಸಂಖ್ಯೆ, ಪರರ ಋಣಕ್ಕೆ ಮೌಲ್ಯ. ನೇಕಾರನ ಮಜೂರಿ, ಆಳಿನ ಸಂಬಳ, ಅಣ್ಣನ ಕೈಯಲ್ಲಿ ಉಳಿದ ತಮ್ಮನ ಪಾಲು, ಇವುಗಳಲ್ಲಿ ಹಳೆಯ ಅಂಕಿಯನ್ನು ತೋರಿಸಿ ಕೈತೊಳೆದುಕೊಳ್ಳುವುದು ಮಾತಿಗೆ ಸತ್ಯ, ಅರ್ಥಕ್ಕೆ ಅಸತ್ಯ.

ಬಸದಿಗಳ ಟ್ರಸ್ಟುಗಳಿಗೆ ಇದು ಇನ್ನೂ ಹತ್ತಿರದ ಮಾತು. ಶಾಶ್ವತ ಪೂಜಾ ನಿಧಿಯ 1,00,000 ರೂಪಾಯಿಗೆ ವರ್ಷಕ್ಕೆ 7,000 ಬಡ್ಡಿ ಬಂದಿತೆನ್ನಿರಿ, ಬೆಲೆಗಳು ಶೇಕಡಾ 5 ಏರಿದುವೆನ್ನಿರಿ. ಬಡ್ಡಿಯಲ್ಲಿ 5,000 ರೂಪಾಯಿಯನ್ನು ಅಸಲಿಗೆ ಸೇರಿಸಿದರೆ ಮಾತ್ರ ನಿಧಿಯು ಮೊದಲಿನ ಬೆಲೆಯಲ್ಲಿ ನಿಲ್ಲುತ್ತದೆ. ಖರ್ಚಿಗೆ ದೊರೆಯುವುದು 2,000 ಮಾತ್ರ. ಏಳು ಸಾವಿರವನ್ನೂ ಖರ್ಚು ಮಾಡಿದ ಟ್ರಸ್ಟಿನ ಲೆಕ್ಕಪತ್ರ ಶುದ್ಧವಾಗಿಯೇ ಇರುತ್ತದೆ. ಆದರೆ ಮುಂದಿನ ಪೀಳಿಗೆಯ ಪೂಜೆಯನ್ನು ಈ ಪೀಳಿಗೆ ಉಂಡಿರುತ್ತದೆ. ದೇವದ್ರವ್ಯ ಭಕ್ಷಣವು ಘೋರ ಪಾಪವೆಂದು ನಂಬಿದ ಸಮಾಜವು ಈ ಲೆಕ್ಕವನ್ನು ವರ್ಷಕ್ಕೊಮ್ಮೆ, ವಾರ್ಷಿಕ ಸಭೆಯಲ್ಲಿ, ಎಲ್ಲರೆದುರು ಓದಿಸಬೇಕು. ದಾನಿಯ ಹೆಸರು ಗೋಡೆಯ ಕಲ್ಲಿನಲ್ಲಿ ಉಳಿದು ಅವನ ಹೆಸರಿನ ಅಭಿಷೇಕ ನಿಂತುಹೋದರೆ, ದೋಷ ರೂಪಾಯಿಯದಲ್ಲ, ಅದನ್ನು ಕಾಯುವೆವೆಂದು ಒಪ್ಪಿಕೊಂಡವರದು.