ಸುಳ್ಳು ಹೇಳುವುದು ನಾಲಿಗೆಯೊಂದೇ ಅಲ್ಲ


ಇಂದಿನ ಚಿಂತನೆ: ಸಮ್ಯಕ್ ಆಜೀವ

ಕಳೆದ ಭಾನುವಾರ ಪಂಚಶೀಲದ ಪಾಠ ಮುಗಿದ ಮೇಲೆ ನಮ್ಮ ಬಳಗದ ಒಬ್ಬ ಹುಡುಗ ಹಿಂದೆ ಉಳಿದ. ಅವರ ಮನೆತನದಲ್ಲಿ ಅವನೇ ಮೊದಲ ಇಂಜಿನಿಯರ್. ಹೊರದೇಶದ ಕ್ಯಾಸಿನೊಗಳ ಸ್ಲಾಟ್ ಮಷೀನುಗಳಿಗೆ ಸಾಫ್ಟ್‌ವೇರ್ ಬರೆಯುವ ಕಂಪನಿಯಿಂದ ಕೆಲಸದ ಕರೆ ಬಂದಿದೆಯಂತೆ. "ಸರ್, ನಾನು ಜೂಜಾಡುವುದಿಲ್ಲ. ಯಾರಿಗೂ ಸುಳ್ಳು ಹೇಳುವುದಿಲ್ಲ, ಯಾರ ಜೇಬಿಗೂ ಕೈ ಹಾಕುವುದಿಲ್ಲ. ಕೋಡ್ ಬರೆಯುತ್ತೇನೆ ಅಷ್ಟೇ. ಇದರಲ್ಲಿ ಯಾವ ಶೀಲ ಮುರಿಯುತ್ತದೆ?" ಎಂದ. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಈ ವಾರವೆಲ್ಲ ಆ ಯಂತ್ರದ ಬಗ್ಗೆ ಓದಿಕೊಂಡೆ.

1890ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚಾರ್ಲ್ಸ್ ಫೇ ಎಂಬ ಮೆಕ್ಯಾನಿಕ್ 'ಲಿಬರ್ಟಿ ಬೆಲ್' ಎಂಬ ಮಷೀನು ಮಾಡಿದ. ನಾಣ್ಯ ಹಾಕಿ ಹಿಡಿಕೆ ಎಳೆದರೆ ಮೂರು ರೀಲುಗಳು ತಿರುಗಿ ನಿಲ್ಲುತ್ತಿದ್ದವು. ಮೂರರಲ್ಲೂ ಗಂಟೆಯ ಚಿತ್ರ ಬಂದರೆ ದೊಡ್ಡ ಬಹುಮಾನ. ಅದೂ ಜೂಜೇ. ಆದರೆ ಲೆಕ್ಕವೆಲ್ಲ ರೀಲಿನ ಮೇಲೆಯೇ ಇರುತ್ತಿತ್ತು. ಅಂಥ ಯಂತ್ರದ ಒಂದೊಂದು ರೀಲಿನಲ್ಲಿ 22 ಜಾಗವಿದ್ದು ಗಂಟೆ ಒಂದೇ ಇದ್ದರೆ, ಮೂರೂ ಕೂಡುವ ಅವಕಾಶ 10,648ರಲ್ಲಿ ಒಂದು. ಹೈಸ್ಕೂಲು ಮಕ್ಕಳೂ ಹಾಕಬಹುದಾದ ಲೆಕ್ಕ.

1984ರಲ್ಲಿ ಇಂಗೆ ಟೆಲ್ನೆಸ್ ಎಂಬವರಿಗೆ ಸಿಕ್ಕ ಪೇಟೆಂಟ್ ಇದನ್ನು ಬದಲಿಸಿತು. ರೀಲು ಎಲ್ಲಿ ನಿಲ್ಲಬೇಕೆಂದು ಒಳಗಿನ ಕಂಪ್ಯೂಟರ್ ಒಂದು ಸಂಖ್ಯೆ ಆರಿಸಿ ತೀರ್ಮಾನಿಸುತ್ತದೆ. ಹೊರಗೆ 22 ಜಾಗ ಕಂಡರೂ ಒಳಗೆ 64 ಸಂಖ್ಯೆಗಳಿರಬಹುದು. ಜಾಕ್‌ಪಾಟ್ ಚಿತ್ರಕ್ಕೆ ಒಂದೇ ಸಂಖ್ಯೆ ಕೊಟ್ಟರೆ ಮೂರೂ ಕೂಡುವ ಅವಕಾಶ 2,62,144ರಲ್ಲಿ ಒಂದಕ್ಕೆ ಇಳಿಯುತ್ತದೆ. ನೋಡುವವನಿಗೆ ಮಾತ್ರ ರೀಲು ಮೊದಲಿನಂತೆಯೇ ಕಾಣುತ್ತದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಜಾಕ್‌ಪಾಟ್ ಚಿತ್ರದ ಮೇಲೆ ಕೆಳಗೆ ಇರುವ ಖಾಲಿ ಜಾಗಗಳಿಗೆ ಹೆಚ್ಚು ಸಂಖ್ಯೆ ಕೊಡುವ ವಿಧಾನ ಬಂತು. ಆಗ ಆ ಚಿತ್ರ ಗೆರೆಯ ಪಕ್ಕದಲ್ಲೇ ಮತ್ತೆ ಮತ್ತೆ ಬಂದು ನಿಲ್ಲುತ್ತದೆ. ಸೋತವನು "ಛೇ, ಸ್ವಲ್ಪದರಲ್ಲಿ ತಪ್ಪಿತು" ಅಂದುಕೊಂಡು ಮತ್ತೆ ಜೇಬಿಗೆ ಕೈ ಹಾಕುತ್ತಾನೆ. ನಿಜದಲ್ಲಿ ಗೆಲುವು ಹತ್ತಿರ ಬಂದೇ ಇರುವುದಿಲ್ಲ. ವಿಡಿಯೊ ಮಷೀನುಗಳಲ್ಲಂತೂ ನೂರು ಹಾಕಿ ಮೂವತ್ತು ಮರಳಿದರೂ ದೀಪ ಮಿನುಗಿ ಸಂಗೀತ ಮೊಳಗುತ್ತದೆ. ಎಪ್ಪತ್ತು ಕಳೆದುಕೊಂಡದ್ದಕ್ಕೆ ಸಂಭ್ರಮ!

ಆಡುವವನು ತಾನಾಗಿಯೇ ಬಂದು ಕೂತಿದ್ದಾನೆ, ಮಷೀನಿಗೆ ಸರ್ಕಾರದ ತಪಾಸಣೆಯೂ ಇದೆ ಎಂದು ವಾದಿಸಬಹುದು. ಹಗುರವಾದ ವಾದವೇನಲ್ಲ. ಆದರೆ ಬರೀ ಅದೃಷ್ಟ ಮಾರುವುದಾಗಿದ್ದರೆ ಆ ಖಾಲಿ ಜಾಗಕ್ಕೆ ಹೆಚ್ಚು ಸಂಖ್ಯೆ ಏಕೆ ಬೇಕಿತ್ತು? ಇನ್ನೊಬ್ಬರ ಮನಸ್ಸಿನಲ್ಲಿ ತಪ್ಪು ತಿಳಿವಳಿಕೆ ಹುಟ್ಟಿಸಲಿಕ್ಕೆ. ಭಗವಾನ್ ಬುದ್ಧರು ಚೇತನೆಯನ್ನು, ಅಂದರೆ ಮನಸ್ಸಿನ ಸಂಕಲ್ಪವನ್ನು, ಕಮ್ಮ ಎಂದರು. ನಾಲಿಗೆ ಸುಮ್ಮನಿದ್ದರೂ ಕೈ ಮುಸಾವಾದ ಮಾಡಬಲ್ಲದು.

ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಜೂಜಿನ ಆರು ಕೇಡುಗಳನ್ನು ಹೇಳಿ ಆಡುವವನನ್ನು ಎಚ್ಚರಿಸುತ್ತಾರೆ. ಉಪಾಸಕರು ಮಾಡಬಾರದ ಐದು ವ್ಯಾಪಾರಗಳು ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಅಲ್ಲಿ ಜೂಜಿನ ಯಂತ್ರದ ಹೆಸರಿಲ್ಲ, ನಿಜ. ಆದರೆ ಕುಡಿಯುವವನನ್ನಷ್ಟೇ ಅಲ್ಲ, ಮಾರುವವನನ್ನೂ ಪ್ರಶ್ನಿಸುವ ದೃಷ್ಟಿ ಅಲ್ಲಿದೆ. ನಾವು ಸೋತವನ ತೃಷ್ಣೆಯನ್ನು ಬೈಯುತ್ತೇವೆ, ಅದಕ್ಕೆ ನೀರೆರೆಯುವ ಜಾಣತನವನ್ನು ಮೆಚ್ಚುತ್ತೇವೆ. ಪ್ರಜ್ಞೆಯೊಂದೇ ಸಾಲದು, ಜೊತೆಗೆ ಶೀಲ ಇರಲೇಬೇಕು ಎಂಬುದನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಒತ್ತಿ ಹೇಳಿದ್ದು ಇದಕ್ಕೇ.

ತಿಂಗಳ ಸಂಬಳ ಬರುವ ಮೇಷ್ಟರಿಗೆ ಇದನ್ನೆಲ್ಲ ಹೇಳುವುದು ಸುಲಭ. ಆ ಹುಡುಗನ ಮನೆಯಲ್ಲಿ ಸಾಲವಿದೆ, ತಂಗಿಯ ಓದಿದೆ. ಹಾಗಾಗಿ ನಿನ್ನೆ ಫೋನಿನಲ್ಲಿ ತೀರ್ಪು ಕೊಡದೆ ಒಂದು ಪ್ರಶ್ನೆ ಕೇಳಿದೆ: "ತಮ್ಮಾ, ನೀನು ಬರೆಯುವ ಕೋಡಿನ ಗುಟ್ಟನ್ನು ಮಷೀನಿನ ಮುಂದೆ ಕೂತವನಿಗೆ ಬಿಡಿಸಿ ಹೇಳಬಲ್ಲೆಯಾ? ಅವನಿಗೆ ಅದು ತಿಳಿಯದಿದ್ದರಷ್ಟೇ ನಿನಗೆ ಅನ್ನ ಎಂದಾದರೆ ಯೋಚಿಸು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೂ ಎರಡು ಕಡೆ ಅರ್ಜಿ ಹಾಕಿದ್ದೇನೆ ಸರ್" ಎಂದ.

ಬಂಧುಗಳೇ, ಶೀಲದ ಭಾರವನ್ನೆಲ್ಲ ಆ ಹುಡುಗನ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿರುವವರು ಈ ಗುಂಪಿನಲ್ಲೇ ಇದ್ದೀರಿ. ನಿಮ್ಮಲ್ಲಿ ಜಾಗವಿದ್ದರೆ ನನಗೆ ತಿಳಿಸಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.