ಕುಂಡದೊಳಗಿನ ವೃಕ್ಷ ಮತ್ತು ಶ್ರಾವಕನ ಅಣುವ್ರತ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಹೊಸಮನೆ ಕಟ್ಟಿಸಿದ ನಮ್ಮ ಬಂಧುಗಳ ಮೊಗಸಾಲೆಗಳಲ್ಲಿ ಕುಬ್ಜವೃಕ್ಷಗಳು ಕಾಣಿಸಿಕೊಳ್ಳುತ್ತಿವೆ. ಗೇಣುದ್ದದ ಆಲ, ಮೊಳದುದ್ದದ ಅರಳಿ. ಇವುಗಳೊಡನೆ ಜಪಾನಿನ ಮೇಪಲ್ ಗಿಡವನ್ನೂ ತರಿಸಬೇಕೆಂಬ ಆಸೆ ಕೆಲವರದು. ಇಂಥ ಗಿಡವನ್ನು ಸಾಕುವುದು ಶ್ರಾವಕನಿಗೆ ಉಚಿತವೇ ಎಂಬ ಪ್ರಶ್ನೆಯನ್ನು ಕ್ಷುಲ್ಲಕವೆಂದು ತಳ್ಳಿಹಾಕಲಾಗದು.

ಈ ಮೇಪಲ್ ಸ್ವಭಾವತಃ ಸಣ್ಣ ಮರ. ಜಪಾನ್, ಕೊರಿಯಾಗಳ ಕಾಡುಗಳಲ್ಲಿ ದೊಡ್ಡ ಮರಗಳ ನೆರಳನ್ನಾಶ್ರಯಿಸಿ ಬೆಳೆಯುತ್ತದೆ. ಎಲೆ ಬಿಡಿಸಿದ ಅಂಗೈಯಂತಿದ್ದು, ಉದುರುವ ಮುನ್ನ ಕೆಂಪೇರುತ್ತದೆ. 1784ರಲ್ಲಿ ಥುನ್‌ಬರ್ಗ್ ಎಂಬ ಸ್ವೀಡನ್ನಿನ ವಿದ್ವಾಂಸನು ಇದಕ್ಕಿತ್ತ ಲ್ಯಾಟಿನ್ ಹೆಸರೂ ಅಂಗೈಯನ್ನೇ ಸೂಚಿಸುತ್ತದೆ. ಆದರೆ ಇದಕ್ಕೆ ಪ್ರತಿವರ್ಷವೂ ಹಲವು ವಾರಗಳ ಕಡುಚಳಿ ಬೇಕು. ಆಗಲೇ ಅದರ ವಿಶ್ರಾಂತಿ. ನಮ್ಮ ಪುಷ್ಯಮಾಸದ ಚಳಿ ನಮಗೆ ಸಾಕು, ಅದಕ್ಕೆ ಸಾಲದು. ಬೇಸಗೆಯ ಬಿಸಿಲಿಗಂತೂ ಎಲೆಯಂಚು ಕರಕಲಾಗುತ್ತದೆ.

ಕುಬ್ಜಗೊಳಿಸುವ ಕ್ರಮವನ್ನೂ ನೋಡೋಣ. ಬೇರನ್ನು ಕಾಲಕಾಲಕ್ಕೆ ಕತ್ತರಿಸಿ, ಆಳವಿಲ್ಲದ ಕುಂಡದಲ್ಲಿ ನೆಟ್ಟು, ಕೊಂಬೆಗೆ ತಂತಿ ಸುತ್ತಿ ಬಗ್ಗಿಸಿ, ಚಿಗುರನ್ನು ಚಿವುಟುತ್ತಿರುವುದು. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವನ್ನು ಓದಿದವರಿಗೆ ಇಲ್ಲಿ ಏನೋ ನೆನಪಾಗದಿರದು. ಅಹಿಂಸಾಣುವ್ರತಕ್ಕೆ ಉಮಾಸ್ವಾಮಿಗಳು ಹೇಳಿದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ತಂತಿಯು ಬಂಧವಲ್ಲವೇ, ಕತ್ತರಿಯು ಛೇದವಲ್ಲವೇ?

ಅವಸರದ ತೀರ್ಪು ಬೇಡ. ಈ ಅತಿಚಾರಗಳು ದನಕರುಗಳಂತಹ ತ್ರಸಜೀವಿಗಳ ವಿಷಯವಾಗಿ ವಿವರಿಸಲ್ಪಟ್ಟಿವೆ. ಸ್ಥಾವರ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರನು. ಬಿಟ್ಟರೆ ಅನ್ನವೇ ಇಲ್ಲ. ಹೀಗಾಗಿ ಕುಬ್ಜವೃಕ್ಷವನ್ನು ಸಾಕುವವನು ಅಣುವ್ರತಕ್ಕೆ ದೋಷ ತಂದನೆಂದು ನಾನು ಹೇಳಲಾರೆ. ಆದರೆ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯನ್ನೂ ಎಣಿಸಿದೆ. ನಿಷ್ಪ್ರಯೋಜನವಾಗಿ ನೆಲವನ್ನಗೆಯುವುದು, ನೀರನ್ನು ಚೆಲ್ಲುವುದು, ಗಿಡವನ್ನು ಕತ್ತರಿಸುವುದು ಅದರಲ್ಲಿ ಸೇರುತ್ತವೆ. ಅಲ್ಲಿ ಪ್ರಶ್ನೆ ಜೀವಕ್ಕೆಷ್ಟು ಇಂದ್ರಿಯಗಳೆಂಬುದಲ್ಲ, ನಮಗೆ ಪ್ರಯೋಜನವೇನೆಂಬುದು. ಆಲೂಗೆಡ್ಡೆ ಬೆಳೆಯುವ ಜಿಲ್ಲೆಯಲ್ಲಿದ್ದೂ ಅದು ಅನಂತಕಾಯವೆಂದು ನಾಲಿಗೆಯನ್ನು ಬಿಗಿಹಿಡಿಯುವವರು ನಾವು. ಕಣ್ಣಿಗೆ ಮಾತ್ರ ಲಗಾಮು ಬೇಡವೇ? ಇಲ್ಲಿ ಬಾಳಲಾರದ ಮರವನ್ನು ತಂದು, ಅದು ಸೊರಗುವುದನ್ನು ನೋಡುವ ಹವ್ಯಾಸಕ್ಕೆ ಯಾವ ಪ್ರಯೋಜನವನ್ನು ಹೇಳುವುದು?

ಎದುರು ವಾದವೂ ಇದೆ. ಕುಬ್ಜವೃಕ್ಷವನ್ನು ಬಲ್ಲವನು ಅದಕ್ಕೆ ದಿನವೂ ನೀರೆರೆಯುತ್ತಾನೆ, ಎಲೆಯೆಲೆಯನ್ನೂ ಗಮನಿಸುತ್ತಾನೆ. ಮನೆತನದಲ್ಲಿ ತಲೆಮಾರುಗಳ ಕಾಲ ಅದನ್ನು ಉಳಿಸಿಕೊಳ್ಳುತ್ತಾನೆ. ಈ ಮಾತನ್ನು ಒಪ್ಪಲೇಬೇಕು. ಏಕೆಂದರೆ ನಮ್ಮ ಕೆಲವು ಬಸದಿಗಳ ಅಂಗಳದಲ್ಲಿ ನೆಲಕ್ಕೆ ಕಲ್ಲುಚಪ್ಪಡಿ ಹಾಸುವಾಗ ಹಳೆಯ ಮರದ ಬುಡದವರೆಗೂ ಸಿಮೆಂಟು ಮೆತ್ತಲಾಗಿದೆ. ಮಳೆನೀರು ಬೇರಿಗಿಳಿಯದು. ಅನ್ನಪಾನನಿರೋಧವೆಂಬ ಮಾತು ಮೇಪಲ್ ಕುಂಡಕ್ಕಿಂತ ಈ ಅಂಗಳಕ್ಕೇ ಹೆಚ್ಚು ಒಪ್ಪುತ್ತದೆ. ಟ್ರಸ್ಟಿನವರು ಬುಡದ ಸುತ್ತ ನಾಲ್ಕಾರು ಅಡಿ ಮಣ್ಣನ್ನು ತೆರೆದಿಡುವಂತೆ ಗುತ್ತಿಗೆದಾರನಿಗೆ ಮೊದಲೇ ತಿಳಿಸಿದರೆ ಖರ್ಚೂ ಕಡಿಮೆಯಾದೀತು.

ಶ್ರವಣಬೆಳಗೊಳದ ಮಠದ ಭಿತ್ತಿಚಿತ್ರಗಳಲ್ಲಿ ಷಡ್ಲೇಶ್ಯೆಗಳ ಮರವಿದೆ. ಹಣ್ಣಿಗಾಗಿ ಒಬ್ಬನು ಬುಡವನ್ನೇ ಕಡಿಯಲೆಳಸುತ್ತಾನೆ, ಮತ್ತೊಬ್ಬನು ಕೊಂಬೆಯನ್ನು. ಶುಕ್ಲಲೇಶ್ಯೆಯವನು ಬಿದ್ದ ಹಣ್ಣನ್ನಷ್ಟೇ ಆಯ್ದುಕೊಳ್ಳುತ್ತಾನೆ. ಸಣ್ಣ ಮರದ ಚೆಲುವೇ ಬೇಕೆನ್ನುವವರಿಗೆ ಪಾರಿಜಾತವಿದೆ. ಅದು ತಾನಾಗಿಯೇ ಸಣ್ಣದು, ನಮ್ಮ ಹವೆಗೆ ಒಗ್ಗಿದ್ದು. ಇರುಳು ಅರಳಿದ ಹೂವನ್ನು ಬೆಳಗಿಗೆ ತಾನೇ ಉದುರಿಸುತ್ತದೆ. ಹುಳುಹುಪ್ಪಟೆಗಳನ್ನು ನೋಡಿಕೊಂಡು ಆಯ್ದುಕೊಂಡರಾಯಿತು.

ಈಗಾಗಲೇ ಕುಂಡದಲ್ಲಿ ಮರವಿರುವವರು ಏನು ಮಾಡಬೇಕು? ಆಲ, ಅರಳಿಗಳಾದರೆ ಊರಾಚೆಯ ವಿಶಾಲವಾದ ಜಾಗದಲ್ಲಿ, ಮಳೆಗಾಲದ ಆರಂಭದಲ್ಲಿ ನೆಲಕ್ಕಿಳಿಸಬಹುದು. ಬೇರು ಬಿಡಿಸಿಕೊಂಡು ಮತ್ತೆ ಎತ್ತರಕ್ಕೇರುತ್ತವೆ. ಮೇಪಲ್‌ಗೆ ಆ ಉಪಾಯವಿಲ್ಲ. ಅದನ್ನು ತಂದವರು ಮಧ್ಯಾಹ್ನದ ಬಿಸಿಲು ತಾಗದಂತೆ ಇಟ್ಟು, ಅದಿರುವಷ್ಟು ಕಾಲವೂ ನೀರೆರೆಯಬೇಕು, ತಂತಿಯನ್ನು ಬಿಚ್ಚಿಡಬೇಕು.