ಕೈ ಎಲ್ಲಿಡವು?

ಶಿರಸಿ ಹತ್ತಿರದ ನೆಂಟರ ಮನೆ. ಹಸಿ ಅಡಿಕೆ ಸುಲಿಯುವ ಕಾಲ. ಬೆಂಗಳೂರಿನಿಂದ ಬಂದ ಮೊಮ್ಮಗ ಹೊಸ ಕ್ಯಾಮೆರಾ ಹಿಡಿದು ಅಜ್ಜಿಯನ್ನು ತೋಟಕ್ಕೆ ಕರೆದೊಯ್ದ. ಅಡಿಕೆ ಮರಕ್ಕೆ ಒರಗಿಸಿ ನಿಲ್ಲಿಸಿ, "ನಗು ಅಮ್ಮಮ್ಮ" ಎಂದ. ಅಷ್ಟು ಹೊತ್ತು ನಗುತ್ತಲೇ ಇದ್ದವರು ಗಂಭೀರವಾದರು. "ಕೈ ಎಲ್ಲಿಡವೋ ತಮಾ?" ಎನ್ನುತ್ತ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿದರು.

ಕ್ಯಾಮೆರಾ ಮುಂದೆ ನಿಂತವರೆಲ್ಲರ ಮೊದಲ ಸಂಕಟ ಇದೇ. 1839ರಲ್ಲಿ ಫ್ರಾನ್ಸಿನ ಡಗೇರ್‌ನ ಫೋಟೊ ತೆಗೆಯುವ ವಿಧಾನ ಬಹಿರಂಗವಾದಾಗ ಒಂದು ಚಿತ್ರ ಮೂಡಲು ಹಲವು ನಿಮಿಷ ಬೇಕಿತ್ತು. ಮುಂದೆ ಸ್ಟುಡಿಯೊಗಳಲ್ಲಿ ತಲೆ ಅಲುಗಬಾರದೆಂದು ಹಿಂದಿನಿಂದ ಕಬ್ಬಿಣದ ಆಧಾರ ಕೊಡುತ್ತಿದ್ದರು. ಈಗ ಸೆಕೆಂಡಿನ 500ನೇ ಒಂದು ಪಾಲು ಸಾಕು. ಆದರೂ 'ರೆಡಿ' ಎಂದ ಕೂಡಲೇ ಕುತ್ತಿಗೆ ಸೆಟೆದುಕೊಳ್ಳುತ್ತದೆ.

ನಮ್ಮ ಕಡೆ ಮದುವೆಗೆ ಮುಂಚಿನ ಫೋಟೊಶೂಟ್‌ನಲ್ಲೂ ಇದೇ ಪಾಡು. ಶಾಲ್ಮಲೆಯ ಸಹಸ್ರಲಿಂಗ, ಸಿದ್ದಾಪುರದ ಉಂಚಳ್ಳಿ, ಯಲ್ಲಾಪುರದ ಸಾತೊಡ್ಡಿ ಜಲಪಾತಗಳು, ಜೇನುಕಲ್ಲು ಗುಡ್ಡ, ಎಲ್ಲಿಗೆ ಹೋದರೂ ಹುಡುಗ ಹುಡುಗಿಯನ್ನು ಎತ್ತಿ ತಿರುಗಿಸಬೇಕು, ಅವಳು ಆಕಾಶ ನೋಡಿ ನಗಬೇಕು. ಫೋಟೊದಲ್ಲಿ ಸಹಜವಾಗಿರುವುದು ಹಿಂದಿನ ಜಲಪಾತ ಒಂದೇ. ಬನವಾಸಿ ಮಧುಕೇಶ್ವರನ ಎದುರಿನ ನಂದಿ ಒಂದು ಕಣ್ಣಲ್ಲಿ ಶಿವನನ್ನೂ ಇನ್ನೊಂದರಲ್ಲಿ ಪಾರ್ವತಿಯನ್ನೂ ನೋಡುತ್ತಾನಂತೆ. ಕಲ್ಲಿನ ನಂದಿಗೂ ನೋಡಲು ಏನೋ ಇದೆ; ಮದುಮಕ್ಕಳಿಗೆ ನಾವು ತೋರಿಸುವುದು ಲೆನ್ಸ್ ಮಾತ್ರ. ಅದರ ಬದಲು 'ಹೊಳೆದಂಡೆಯಲ್ಲಿ ನಡೆಯುತ್ತ ಮದುವೆ ಊಟಕ್ಕೆ ಏನೇನು ಮಾಡಿಸುವುದೆಂದು ಮಾತಾಡಿಕೊಳ್ಳಿ' ಎಂದುಬಿಟ್ಟರೆ, ನಾಲ್ಕು ಹೆಜ್ಜೆಯೊಳಗೆ ಒಂದು ಜಗಳ, ಅದರ ಹಿಂದೆ ಒಂದು ನಿಜವಾದ ನಗು ಬಂದೀತು.

ತೋಟದಲ್ಲಿ ಮೊಮ್ಮಗನಿಗೆ ಇನ್ನೊಂದು ತೊಡಕೂ ಇತ್ತು. ಸೋಗೆಗಳ ಸಂದಿಯಿಂದ ಇಳಿದ ಬಿಸಿಲು ಅಜ್ಜಿಯ ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು. ಒಂದು ಕೆನ್ನೆ ಬಿಳಿಚಿ, ಇನ್ನೊಂದು ಕಪ್ಪಾಗಿ, ಎಲೆಗಳ ಹಸಿರು ಗದ್ದಕ್ಕೂ ಹತ್ತಿತ್ತು. ಸುತ್ತೆಲ್ಲ ಚೆಂದ, ಮುಖ ಮಾತ್ರ ಕೆಟ್ಟಿತ್ತು. ಐದಾರು ಸಲ ಕ್ಲಿಕ್ಕಿಸಿ, ಸೋತು, "ಫೋಟೊ ಬ್ಯಾಡ, ನೀ ಅಡಿಕೆ ಸುಲಿ ಅಮ್ಮಮ್ಮ" ಎಂದ.

ಅವರು ಹೋಗಿ ಜಗಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತರು. ಅಂಗಳದ ನೆಲಕ್ಕೆ ಬಿದ್ದ ಬಿಸಿಲು ಪುಟಿದು ಜಗಲಿಯ ನೆರಳಿಗೆ ಮೆತ್ತಗೆ ಬರುತ್ತಿತ್ತು. ಸುಕ್ಕುಗಳೊಳಗೂ ಬೆಳಕು ಇಳಿದಿತ್ತು. ಕೈಗೆ ಕೆಲಸ ಸಿಕ್ಕಿದ್ದೇ ಭುಜ ಸಡಿಲವಾಯಿತು, ಪಕ್ಕದ ಮನೆಯವರ ಜೊತೆ ಮಾತು ಶುರುವಾಯಿತು. ಮೊಮ್ಮಗ ಕಂಬದ ಬಳಿ ಕೂತು, ಅವರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿ, ಕಾದ. ಯಾವುದೋ ಮಾತಿಗೆ ಅವರು ತಲೆಯೆತ್ತಿ ನಕ್ಕಾಗ ಒಂದೇ ಒಂದು ತೆಗೆದ.

ತೋರಿಸಿದಾಗ ಅವರು ಮುಖದತ್ತ ನೋಡಲೇ ಇಲ್ಲ. ಚೊಗರು ಹತ್ತಿ ಕಪ್ಪಾದ ಬೆರಳುಗಳ ಮೇಲೆ ಕಣ್ಣು ನೆಟ್ಟು, "ಕೈ ಕರಿ ಕಾಣ್ತು" ಎಂದರು. ತೋಟದಲ್ಲಿ ಸೆರಗಿನೊಳಗೆ ಹೋದದ್ದು ಏನೆಂದು ನಮಗೆ ಆಗ ತಿಳಿಯಿತು.

ಸ್ವಲ್ಪ ಹೊತ್ತು ಬಿಟ್ಟು, ಯಲ್ಲಾಪುರದ ಮಗಳಿಗೆ ಕೊಡಲು ಇನ್ನೊಂದು ಪ್ರತಿ ಸಿಗುವುದೇ ಎಂದು ಕೇಳಿದರು.